ದುರ್ಗದ ಸೀಮೆಯ ನೆನಪಿನ ಕಲ್ಲುಗಳು

ಚಿತ್ರದುರ್ಗ ಜಿಲ್ಲೆಯಲ್ಲಿ ಚರಿತ್ರೆಯ ಗುರುತುಗಳು ಎಂದೊಡನೆ ಏಳು ಸುತ್ತಿನ ಕೋಟೆಯ ಹೆಸರೇ ಮೊದಲು ಬರುತ್ತದೆ. ಆದರೆ ಈ ಸೀಮೆಯಲ್ಲಿ ಸತ್ತವರ ನೆನಪಿಗೆ, ಕಾದಿದವರ ನೆನಪಿಗೆ ನೆಟ್ಟ ಕಲ್ಲುಗಳು ಕೋಟೆಗಿಂತ ಎಷ್ಟೋ ಹಳೆಯವು. ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರು ಹೋಬಳಿಯಿಂದ ಹಿಡಿದು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನವರೆಗೆ ಹರಡಿರುವ ಬಯಲಿನಲ್ಲಿ ಇಂಥ ಕಲ್ಲುಗಳು ಸಾಮಾನ್ಯವಾಗಿ ಕಾಣಸಿಗುವುದು ಊರ ಮುಂದೆ, ಕೆರೆ ಏರಿಯ ಮೇಲೆ, ಹಳೆಯ ಗುಡಿಯ ಪೌಳಿಯಲ್ಲಿ ಅಥವಾ ಹೊಲದ ಬದುವಿನಲ್ಲಿ. ಇವುಗಳಲ್ಲಿ ಅರಸರ ಆಜ್ಞೆಗಳಿವೆ, ದಾನದ ದಾಖಲೆಗಳಿವೆ, ದನ ಬಿಡಿಸಲು ಹೋಗಿ ಮಡಿದ ಹಳ್ಳಿಗರ ಚಿತ್ರಗಳೂ ಇವೆ.

ಮೊದಲ ಬರಹಗಳು

ಜಿಲ್ಲೆಯ ಅತಿ ಹಳೆಯ ಬರಹಗಳು ಮೊಳಕಾಲ್ಮೂರು ತಾಲ್ಲೂಕಿನಲ್ಲಿವೆ. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದ ಬಂಡೆಗಳ ಮೇಲೆ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಗಳಿವು. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರನ್ನೂ ಕೊರೆದಿದ್ದಾನೆ. ಉಳಿದದ್ದೆಲ್ಲ ಬ್ರಾಹ್ಮಿಯಲ್ಲಿದ್ದರೂ ಲಿಪಿಕಾರ ಎಂಬ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿರುವುದರಿಂದ, ಈತನಿಗೆ ಆ ಕಡೆಯ ನಂಟಿತ್ತೆಂದು ವಿದ್ವಾಂಸರು ಊಹಿಸುತ್ತಾರೆ.

ಚಿತ್ರದುರ್ಗ ಪಟ್ಟಣದ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಯಲ್ಲಿ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಸುಮಾರು 4ನೇ ಶತಮಾನದ ಈ ಬರಹವನ್ನು 1929ರಲ್ಲಿ ಎಂ.ಎಚ್. ಕೃಷ್ಣ ಗುರುತಿಸಿದರು. ಅರಸನ ಗೆಲುವುಗಳ ಜೊತೆಗೆ ಅಲ್ಲಿ ಕೆರೆಯ ಕೆಲಸವೂ ದಾಖಲಾಗಿದೆ. ಮಳೆ ಕಡಿಮೆಯಾದ ಈ ನಾಡಿನಲ್ಲಿ ಕೆರೆಗೂ ಶಾಸನಕ್ಕೂ ನಂಟು ಅಂದಿನಿಂದಲೇ ಬೆಳೆದು ಬಂದಿತು. ಚಿತ್ರದುರ್ಗಕ್ಕೆ ಹತ್ತಿರದ ತಮಟಕಲ್ಲಿನಲ್ಲಿ ಗುಣಮಧುರನೆಂಬವನನ್ನು ಹೊಗಳುವ ಕನ್ನಡ ಶಾಸನವಿದೆ. ಪದ್ಯರೂಪದಲ್ಲಿರುವ ಅತ್ಯಂತ ಹಳೆಯ ಕನ್ನಡ ಶಾಸನಗಳ ಸಾಲಿಗೆ ಸೇರುವ ಇದು, ವ್ಯಕ್ತಿಯೊಬ್ಬನ ಗುಣವನ್ನು ಕಲ್ಲಿನಲ್ಲಿ ಉಳಿಸುವ ಬಯಕೆ ಇಲ್ಲಿ ಎಷ್ಟು ಹಿಂದಿನದೆಂದು ತೋರಿಸುತ್ತದೆ.

ವೀರಗಲ್ಲಿನ ರಚನೆ

ನೆನಪಿನ ಕಲ್ಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಂಖ್ಯೆಯಲ್ಲಿರುವುದು ವೀರಗಲ್ಲು. ಆಳೆತ್ತರದ ಚಪ್ಪಡಿಯಿಂದ ಮೊಣಕಾಲೆತ್ತರದ ಕಲ್ಲಿನವರೆಗೆ ಇವು ನಾನಾ ಗಾತ್ರದಲ್ಲಿ ಸಿಗುತ್ತವೆ. ಗಂಗರ ಮತ್ತು ನೊಳಂಬರ ಕಾಲದ ಕಲ್ಲುಗಳಲ್ಲಿ ಕಾಳಗದ ಒಂದೇ ದೃಶ್ಯ ದೊಡ್ಡದಾಗಿ ಕಂಡರಿಸಿರುವುದುಂಟು. ಕಲ್ಯಾಣ ಚಾಲುಕ್ಯರು ಮತ್ತು ಹೊಯ್ಸಳರ ಹೊತ್ತಿಗೆ ಮೂರು ಪಟ್ಟಿಕೆಗಳ ಮಾದರಿ ನೆಲೆಯೂರಿತು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಅಡಿಯ ಪಟ್ಟಿಕೆಯಲ್ಲಿ ವೀರ ಬಿಲ್ಲು ಅಥವಾ ಕತ್ತಿ ಹಿಡಿದು ಕಾದುತ್ತಿರುತ್ತಾನೆ. ಎದುರಾಳಿಗಳು, ಕುದುರೆಗಳು, ಕೆಲವೆಡೆ ಸಾಲಾಗಿ ನಿಂತ ದನಗಳು ಸುತ್ತ ಇರುತ್ತವೆ. ನಡುವಿನ ಪಟ್ಟಿಕೆಯಲ್ಲಿ ಚಾಮರ ಹಿಡಿದ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಕೈಲಾಸ ಸೇರಿ ಲಿಂಗದ ಎದುರು ಕುಳಿತಿರುತ್ತಾನೆ. ವೀರ ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನಮೂರ್ತಿ ಬರುತ್ತದೆ. ತುದಿಯಲ್ಲಿರುವ ಸೂರ್ಯ ಚಂದ್ರರು, ಅವರಿರುವ ತನಕ ಈ ಕೀರ್ತಿ ಇರಲಿ ಎಂಬುದರ ಗುರುತು.

ಬರಹವಿರುವ ಕಲ್ಲುಗಳಲ್ಲಿ ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರಗಳಿರುತ್ತವೆ. ಸ್ವಸ್ತಿ ಎಂದು ಆರಂಭವಾಗಿ ಶಕವರ್ಷ, ಸಂವತ್ಸರ, ತಿಥಿ, ಆಳುತ್ತಿದ್ದ ಅರಸ, ಊರು, ವೀರನ ಹೆಸರು, ಸಾವಿನ ಸಂದರ್ಭ ಇವು ಕ್ರಮವಾಗಿ ಬರುವುದು ವಾಡಿಕೆ. ಶಕವರ್ಷಕ್ಕೆ 78 ಕೂಡಿಸಿದರೆ ಸರಿಸುಮಾರು ಕ್ರಿಸ್ತಶಕದ ವರ್ಷ ದೊರೆಯುತ್ತದೆ. ಬರಹವೇ ಇಲ್ಲದ ಕಲ್ಲುಗಳ ಕಾಲವನ್ನು ಉಡುಗೆ, ಆಯುಧ ಮತ್ತು ಕೆತ್ತನೆಯ ಶೈಲಿಯಿಂದ ಅಂದಾಜು ಮಾಡಬೇಕಾಗುತ್ತದೆ.

ಯಾರ ಸಾವು, ಯಾವ ಕಾರಣ

ವೀರಗಲ್ಲುಗಳಲ್ಲಿ ದೊಡ್ಡ ಯುದ್ಧಗಳಿಗಿಂತ ಊರಿನ ಕಾಳಗಗಳೇ ಹೆಚ್ಚು. ದನ ಹೊಡೆದುಕೊಂಡು ಹೋಗುವವರನ್ನು ತಡೆಯುವ ತುರುಗೋಳು, ಊರಿಗೆ ಬೆಂಕಿ ಬಿದ್ದು ಲೂಟಿಯಾದಾಗಿನ ಊರಳಿವು, ಹೆಣ್ಣುಮಕ್ಕಳ ಮಾನ ಕಾಯಲು ಹೋರಾಡಿದ ಪೆಣ್ಬುಯ್ಯಲು, ಎರಡು ಊರುಗಳ ಗಡಿಕಾಳಗ, ಹುಲಿ ಅಥವಾ ಹಂದಿಯ ಬೇಟೆ ಇವೇ ಮುಖ್ಯ ಸಂದರ್ಭಗಳು. ಒಡೆಯ ಸತ್ತಾಗ ತಾನೂ ಪ್ರಾಣ ಬಿಡುತ್ತೇನೆಂದು ಮಾತುಕೊಟ್ಟು ಹಾಗೆಯೇ ನಡೆದುಕೊಂಡ ವೇಳೆವಾಳಿಗಳಿಗೂ ಕಲ್ಲು ನಿಂತಿವೆ. ಪ್ರಾಣಿಗಳಿಗೂ ಈ ಗೌರವ ಸಂದದ್ದುಂಟು. ಮಂಡ್ಯ ಸೀಮೆಯ ಆತಕೂರಿನಲ್ಲಿ 10ನೇ ಶತಮಾನದ ನಡುವೆ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನೆಟ್ಟ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ದುರ್ಗದ ಸೀಮೆಯಲ್ಲಿ ತುರುಗೋಳಿಗೆ ಕಾರಣವೂ ಇತ್ತು. ಇದು ಹುಲ್ಲುಗಾವಲಿನ ನಾಡು. ಮೈಸೂರು ಅರಸರ ಕಾಲದ ಅಮೃತಮಹಲ್ ಕಾವಲುಗಳು ಇಲ್ಲಿ ವಿಶಾಲವಾಗಿ ಹರಡಿದ್ದವು. ಮ್ಯಾಸಬೇಡರು ಮತ್ತು ಕಾಡುಗೊಲ್ಲರು ತಲೆತಲಾಂತರದಿಂದ ದನಕುರಿಗಳನ್ನು ನಂಬಿ ಬದುಕಿದವರು. ಬೇಸಾಯ ಕೈಕೊಟ್ಟ ವರ್ಷ ದನವೇ ಆಸ್ತಿಯಾಗಿದ್ದ ಕಡೆ ಅದನ್ನು ಕಳೆದುಕೊಂಡ ಊರು ಎಲ್ಲವನ್ನೂ ಕಳೆದುಕೊಂಡಂತೆ. ಇದರ ಜೊತೆಗೆ ಈ ಪ್ರದೇಶ ನೊಳಂಬವಾಡಿ 32000ದ ಭಾಗವಾಗಿತ್ತು. ಗಂಗರು, ರಾಷ್ಟ್ರಕೂಟರು, ಚಾಲುಕ್ಯರು, ಚೋಳರು, ಹೊಯ್ಸಳರು ಒಬ್ಬರಾದ ಮೇಲೆ ಒಬ್ಬರಂತೆ ಇದಕ್ಕಾಗಿ ಕೈಚಾಚಿದರು. ನೊಳಂಬರ ರಾಜಧಾನಿ ಹೆಂಜೇರು, ಇಂದಿನ ಹೇಮಾವತಿ, ಆಂಧ್ರಪ್ರದೇಶದ ಮಡಕಶಿರಾ ಬಳಿ ಇದೆ. ಹಿರಿಯೂರಿನ ಪೂರ್ವದ ಹಳ್ಳಿಗಳಿಗೆ ಅದು ದೂರವಲ್ಲ.

ಗಂಡನೊಡನೆ ಸಹಗಮನ ಮಾಡಿದ ಹೆಂಗಸರಿಗಾಗಿ ನಿಲ್ಲಿಸಿದವು ಮಾಸ್ತಿಗಲ್ಲುಗಳು. ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮೇಲಕ್ಕೆ ಮಡಿಸಿದ ತೋಳು, ಕೈತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು ಇವು ಅದರ ಲಕ್ಷಣ. ಬಳೆ ಮುತ್ತೈದೆತನದ ಗುರುತು. ವೀರನ ಕಲ್ಲಿನ ಪಕ್ಕದಲ್ಲೇ ಮಾಸ್ತಿಗಲ್ಲು ನಿಂತಿದ್ದರೆ ಒಂದೇ ಮನೆಯ ಎರಡು ಸಾವುಗಳನ್ನು ಅವು ಹೇಳುತ್ತಿರಬಹುದು. ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಜೈನರಿಗೆ ನಿಸಿಧಿಗಲ್ಲುಗಳಿವೆ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಉಳಿದಿರುವ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಈ ಭಾಗದಲ್ಲಿ ಜೈನರ ನೆಲೆ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಸಾಕ್ಷಿ.

ಕಲ್ಲಿನೊಂದಿಗೆ ಬಂದ ಭೂಮಿ

ವೀರಗಲ್ಲು ಬರಿಯ ಹೊಗಳಿಕೆಯಲ್ಲ. ಸತ್ತವನ ಮನೆಯವರಿಗೆ ಊರು ಅಥವಾ ಅರಸ ಭೂಮಿ ಬಿಡುವ ಪದ್ಧತಿ ಇತ್ತು. ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ ಎಂಬವು ಇಂಥ ದಾನಗಳ ಹೆಸರುಗಳು. ಕಲ್ಲು ಆ ದಾನಕ್ಕೆ ಪತ್ರವೂ ಹೌದು, ಸಾಕ್ಷಿಯೂ ಹೌದು. ಅದನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಗೋವು, ಬ್ರಾಹ್ಮಣರನ್ನು ಕೊಂದ ಪಾಪ ತಟ್ಟುವುದೆಂಬ ಶಾಪದೊಂದಿಗೆ ದಾನಶಾಸನಗಳು ಮುಗಿಯುತ್ತವೆ. ಹೀಗೆ ಕಲ್ಲನ್ನು ಕಾಯುವುದರಲ್ಲಿ ಒಂದು ಕುಟುಂಬಕ್ಕೆ ಲಾಭವಿತ್ತು, ಕೆಡಿಸುವವರಿಗೆ ಭಯವಿತ್ತು. ಭೂಮಿ ಕೈಬದಲಾಗಿ, ಅಕ್ಷರ ಓದುವವರು ಇಲ್ಲವಾದ ಮೇಲೂ ಅನೇಕ ಕಲ್ಲುಗಳು ಉಳಿದದ್ದು ಪೂಜೆಯಿಂದ. ಹಳ್ಳಿಗಳಲ್ಲಿ ವೀರಗಲ್ಲು ಈರಗಾರನಾಗಿ, ಮಾಸ್ತಿಗಲ್ಲು ಮಾಸ್ತ್ಯಮ್ಮನಾಗಿ ಹಬ್ಬಗಳಲ್ಲಿ ಎಣ್ಣೆ, ಅರಿಶಿನ, ಕುಂಕುಮ ಪಡೆಯುತ್ತವೆ. ಹೆಸರು ಮರೆತುಹೋದರೂ ಕಲ್ಲಿಗೆ ಊರಿನಲ್ಲಿ ಜಾಗ ಉಳಿಯಿತು.

ಕೋಟೆ ಮತ್ತು ಆಮೇಲಿನ ಸ್ಮಾರಕಗಳು

ಹೊಯ್ಸಳರ ಕಾಲದ ಶಾಸನಗಳಲ್ಲಿ ಬೆಮ್ಮತ್ತನಕಲ್ಲು ಎಂದು ಕರೆಸಿಕೊಂಡ ಚಿತ್ರದುರ್ಗ, ವಿಜಯನಗರದ ನಂತರ ನಾಯಕರ ರಾಜಧಾನಿಯಾಗಿ ಬೆಳೆಯಿತು. ಕೊನೆಯ ಮದಕರಿನಾಯಕ 1779ರಲ್ಲಿ ಹೈದರಾಲಿಗೆ ಸೋತು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದ. ಈ ಕಾಲದ ನೆನಪು ಕಲ್ಲಿಗಿಂತ ಹೆಚ್ಚಾಗಿ ಜಾಗದ ಹೆಸರಿನಲ್ಲಿ, ಬಾಯಿಮಾತಿನಲ್ಲಿ ನಿಂತಿದೆ. ಕೋಟೆ ಕಾವಲುಗಾರನ ಹೆಂಡತಿ ಓಬವ್ವ ಒನಕೆ ಹಿಡಿದು ಹೈದರನ ಸೈನಿಕರನ್ನು ತಡೆದಳೆನ್ನುವ ಕಿಂಡಿಗೆ ಅವಳದೇ ಹೆಸರು. 1972ರ ನಾಗರಹಾವು ಚಿತ್ರ ಈ ಕಥೆಯನ್ನು ನಾಡಿನ ಮನೆಮನೆಗೆ ಮುಟ್ಟಿಸಿತು, ತ.ರಾ.ಸು. ಅವರ ದುರ್ಗಾಸ್ತಮಾನ ಕಾದಂಬರಿ ಮದಕರಿಯ ಕೊನೆಯ ದಿನಗಳನ್ನು ಓದುಗರ ಮನಸ್ಸಿನಲ್ಲಿ ನೆಲೆಗೊಳಿಸಿತು. ಮದಕರಿ ಮತ್ತು ಓಬವ್ವರ ಪ್ರತಿಮೆಗಳು ಇಂದು ಚಿತ್ರದುರ್ಗ ಪಟ್ಟಣದಲ್ಲಿವೆ. 2021ರಿಂದ ನವೆಂಬರ್ 11ರಂದು ಸರ್ಕಾರ ಓಬವ್ವ ಜಯಂತಿ ಆಚರಿಸುತ್ತಿದೆ.

20ನೇ ಶತಮಾನದ ಸ್ಮಾರಕಗಳ ಭಾಷೆ ಬೇರೆ. ಮೊದಲ ಮಹಾಯುದ್ಧದ ಬಳಿಕ ಬ್ರಿಟಿಷ್ ಭಾರತದ ಅನೇಕ ಹಳ್ಳಿಗಳಲ್ಲಿ ಆ ಊರಿನಿಂದ ಎಷ್ಟು ಮಂದಿ ಯುದ್ಧಕ್ಕೆ ಹೋದರು, ಎಷ್ಟು ಮಂದಿ ಮಡಿದರು ಎಂಬ ಲೆಕ್ಕವಷ್ಟೇ ಇರುವ ಫಲಕಗಳನ್ನು ಹಾಕಲಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಚಿತ್ರದುರ್ಗ ತಾಲ್ಲೂಕಿನ ತುರುವನೂರು 1939ರ ಅರಣ್ಯ ಸತ್ಯಾಗ್ರಹದಲ್ಲಿ ಈಚಲು ಮರಗಳನ್ನು ಕಡಿದು ಚರಿತ್ರೆಗೆ ಸೇರಿತು. ಆ ಹೋರಾಟದ ಮುಂದಾಳುಗಳಲ್ಲೊಬ್ಬರಾದ ಎಸ್. ನಿಜಲಿಂಗಪ್ಪನವರ ಸ್ಮಾರಕ ಚಿತ್ರದುರ್ಗಕ್ಕೆ ಹತ್ತಿರದ ಸೀಬಾರದಲ್ಲಿದೆ. 2023ರಲ್ಲಿ ನನ್ನ ಮಣ್ಣು ನನ್ನ ದೇಶ ಅಭಿಯಾನದಡಿ ಗ್ರಾಮ ಪಂಚಾಯಿತಿಗಳಲ್ಲಿ ದೇಶಕ್ಕಾಗಿ ಪ್ರಾಣ ಕೊಟ್ಟ ಸ್ಥಳೀಯರ ಹೆಸರು ಹೊತ್ತ ಶಿಲಾಫಲಕಗಳನ್ನು ನಿಲ್ಲಿಸಲು ಕೇಂದ್ರ ಸರ್ಕಾರ ಸೂಚಿಸಿತು. ಊರಿಗೊಂದು ಕಲ್ಲು, ಅದರ ಮೇಲೆ ಆ ಊರಿನವರದೇ ಹೆಸರು ಎಂಬ ಕ್ರಮ ಇದರೊಂದಿಗೆ ಮತ್ತೆ ಬಂದಂತಾಯಿತು.

ದಾಖಲೆ ಮತ್ತು ಕಾನೂನು

ಈ ಸೀಮೆಯ ಶಾಸನಗಳನ್ನು ಮೊದಲು ಒಟ್ಟಾಗಿ ಪ್ರಕಟಿಸಿದವರು ರೈಸ್. ಅವರ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಗೆ ಮೀಸಲು. ಅದರಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಡಲಾಗಿದೆ. ಸಂಶೋಧಕರು ಇಂದಿಗೂ ಆ ಸಂಖ್ಯೆಗಳಿಂದಲೇ ಕಲ್ಲುಗಳನ್ನು ಗುರುತಿಸುತ್ತಾರೆ. ಎಂ. ಚಿದಾನಂದಮೂರ್ತಿಯವರ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ ಮತ್ತು ಆರ್. ಶೇಷಶಾಸ್ತ್ರಿಯವರ ಕರ್ನಾಟಕದ ವೀರಗಲ್ಲುಗಳು ಈ ಕಲ್ಲುಗಳ ಹಿಂದಿನ ಸಮಾಜವನ್ನು ಬಿಡಿಸಿ ತೋರಿಸಿದವು. ಪೂಜೆಯೂ ಇಲ್ಲದ, ಪುಸ್ತಕದಲ್ಲೂ ಇಲ್ಲದ ಕಲ್ಲುಗಳಿಗೆ ಅಪಾಯ ಹೆಚ್ಚು. ನಿಧಿಯಾಸೆಗೆ ಬುಡ ಅಗೆಯುವುದು, ರಸ್ತೆ ಅಗಲ ಮಾಡುವಾಗ ಕಿತ್ತೆಸೆಯುವುದು, ಮೋರಿಗೆ ಚಪ್ಪಡಿಯಾಗಿ ಹಾಕುವುದು ನಡೆದೇ ಇದೆ. ಭಕ್ತಿಯಿಂದ ಬಳಿದ ಬಣ್ಣ ಕೂಡ ಅಕ್ಷರಗಳನ್ನು ಮುಚ್ಚಿಬಿಡುತ್ತದೆ.

ಕೇಂದ್ರದ 1958ರ ಮತ್ತು ಕರ್ನಾಟಕದ 1961ರ ಪ್ರಾಚೀನ ಸ್ಮಾರಕ ಕಾಯಿದೆಗಳು ಸಂರಕ್ಷಿತವೆಂದು ಘೋಷಿಸಿದ ಸ್ಮಾರಕಗಳನ್ನು ರಕ್ಷಿಸುತ್ತವೆ. ಚಿತ್ರದುರ್ಗ ಕೋಟೆ ಇದೇ ರೀತಿ ಭಾರತೀಯ ಪುರಾತತ್ವ ಸರ್ವೇಕ್ಷಣದ ವಶದಲ್ಲಿದೆ. ಹೊಲದ ಬದುವಿನ ಒಂಟಿ ವೀರಗಲ್ಲು ಸಾಮಾನ್ಯವಾಗಿ ಈ ಪಟ್ಟಿಗೆ ಬರುವುದಿಲ್ಲ. ಆದರೂ 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ ಮತ್ತು ಶಾಸನಗಳು ಪುರಾವಸ್ತುಗಳೇ. ಹೊಸ ಕಲ್ಲು ಕಂಡವರು ಅದನ್ನು ಕೀಳದೆ, ಉಜ್ಜದೆ, ನಿಂತ ಜಾಗದಲ್ಲೇ ಬಿಟ್ಟು ಓರೆ ಬೆಳಕಿನಲ್ಲಿ ಫೋಟೊ ತೆಗೆದು, ಊರು ಮತ್ತು ಜಾಗದ ವಿವರ ಬರೆದು ರಾಜ್ಯ ಪುರಾತತ್ವ ಇಲಾಖೆಗೆ ಅಥವಾ ಹತ್ತಿರದ ವಸ್ತುಸಂಗ್ರಹಾಲಯಕ್ಕೆ ತಿಳಿಸಬೇಕು. ಚಿತ್ರದುರ್ಗದಲ್ಲಿ ರಂಗಯ್ಯನ ಬಾಗಿಲಿನ ಬಳಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಕಲ್ಲನ್ನು ಅಲ್ಲಿಗೆ ಸಾಗಿಸುವುದು ಕೊನೆಯ ಉಪಾಯ. ಗಡಿಕಾಳಗದ ಕಲ್ಲು ಗಡಿಯಲ್ಲೇ, ಕೆರೆಯ ಕಲ್ಲು ಏರಿಯ ಮೇಲೇ ಇದ್ದರೆ ಅದು ಹೇಳುವ ಸಂಗತಿಯ ಅರ್ಧ ಭಾಗ ಜಾಗದಿಂದಲೇ ತಿಳಿಯುತ್ತದೆ.