ಒಂದೇ ತುಣುಕು, ಎರಡು ಅರ್ಥ

ಫಿಲ್ಮಿನ ತುಣುಕೊಂದಕ್ಕೆ ತನ್ನದೇ ಆದ ಅರ್ಥವುಂಟೆ? ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಟೆಲಿವಿಷನ್ ಮಾಲೆಗಾಗಿ 1964ರಲ್ಲಿ ಚಿತ್ರಣ ಆರಂಭಿಸಿದ ಮಾದರಿ ಕಂತು ‘ದಿ ಕೇಜ್’. ಎನ್‌ಬಿಸಿ ಸಂಸ್ಥೆಯು ಅದನ್ನು ಒಪ್ಪಲಿಲ್ಲ. 1966ರಲ್ಲಿ ಅದನ್ನೇ ಕತ್ತರಿಸಿ, ನ್ಯಾಯವಿಚಾರಣೆಯ ಹೊಸ ಕಥೆಯೊಳಗೆ ಪೋಣಿಸಿ, ‘ದಿ ಮೆನಾಜರಿ’ ಎಂಬ ಎರಡು ಕಂತುಗಳನ್ನು ಸಿದ್ಧಪಡಿಸಿದರು.

ಮೂಲದಲ್ಲಿ ಕಪ್ತಾನ ಪೈಕನು ವೀನಾಳನ್ನು ಪರಗ್ರಹದಲ್ಲಿಯೇ ಬಿಟ್ಟು ನೌಕೆಗೆ ಮರಳುತ್ತಾನೆ. ಅವಳೊಡನೆ ನಡೆಯುವುದು ಆ ಗ್ರಹದವರು ಕಲ್ಪಿಸಿದ ಅವನ ಮಾಯಾರೂಪ. ಹೊಸ ಕಂತಿನಲ್ಲಾದರೋ ವಿಕಿರಣದಿಂದ ಅಂಗಶಕ್ತಿಯನ್ನು ಕಳೆದುಕೊಂಡ ಪೈಕನೇ ಅವಳನ್ನು ಸೇರಿ, ಮಾಯೆಯಿಂದ ಯೌವನವನ್ನು ಪಡೆಯುತ್ತಾನೆ. ತುಣುಕು ಅದೇ, ಬದಲಾದುದು ಅದರ ನೆರೆಹೊರೆ. ಎರಡನೆಯದೇ ಹೆಚ್ಚು ಮನಮುಟ್ಟುವುದೆಂದು ನನಗೆ ತೋರುತ್ತದೆ.

ಆದರೆ ಕತ್ತರಿ ಬಿದ್ದುದು ಬಣ್ಣದ ಮೂಲಪ್ರತಿಗೇ! ಇಡಿಯ ‘ದಿ ಕೇಜ್’ ಬಹುಕಾಲ ಕಪ್ಪುಬಿಳುಪಿನಲ್ಲಷ್ಟೇ ಉಳಿದಿತ್ತು. ಪೂರ್ಣ ಬಣ್ಣದಲ್ಲಿ ಅದು ಪ್ರಸಾರವಾದುದು 1988ರಲ್ಲಿ.