ನಿಮಗಿದು ಗೊತ್ತೇ? ಅಗಲಿದವರಿಗಾಗಿ ಒಂದು ಪ್ರಾರ್ಥನೆ

★ ನವೆಂಬರ್ 2 ಬಂತೆಂದರೆ ಕೊಯಮತ್ತೂರು, ತಿರುಪ್ಪೂರಿನ ಕ್ರೈಸ್ತ ಸ್ಮಶಾನಗಳಲ್ಲಿ ಜನಸಂದಣಿ. ಗೋರಿಯ ಸುತ್ತ ಕಳೆ ಕಿತ್ತು, ಸುಣ್ಣ ಬಳಿದು, ಸೇವಂತಿಗೆ ಹಾರ ಹಾಕಿ, ಮೇಣದಬತ್ತಿ ಹಚ್ಚುತ್ತಾರೆ. ಪಾದ್ರಿಗಳು ಗೋರಿಯಿಂದ ಗೋರಿಗೆ ನಡೆದು ತೀರ್ಥ ಚಿಮುಕಿಸುತ್ತಾರೆ. ಅಲ್ಲಿಯವರ ಬಾಯಲ್ಲಿ ಇದು ‘ಕಲ್ಲರೈ ತಿರುನಾಳ್’, ಅಂದರೆ ಗೋರಿಗಳ ಹಬ್ಬ.

★ ಈ ದಿನವನ್ನು ಗೊತ್ತುಮಾಡಿದವರು ಫ್ರಾನ್ಸಿನ ಕ್ಲೂನಿ ಮಠಾಧಿಪತಿ ಸಂತ ಒಡಿಲೊ. 998ರ ಸುಮಾರಿಗೆ ತಮ್ಮ ಮಠಗಳಿಗೆಂದು ಅವರು ಮಾಡಿದ ಕಟ್ಟಳೆ ಮುಂದೆ ಪಶ್ಚಿಮದ ಕಥೋಲಿಕ ಸಭೆಗೆಲ್ಲ ಹಬ್ಬಿತು.

★ ಅಗಲಿದವರಿಗಾಗಿ ಪ್ರಾರ್ಥಿಸುವ ರೂಢಿ ಅದಕ್ಕೂ ಬಹಳ ಹಿಂದಿನದು. 387ರಲ್ಲಿ ಇಟಲಿಯ ಓಸ್ಟಿಯಾದಲ್ಲಿ ತೀರಿಕೊಂಡ ಸಂತ ಮೋನಿಕಾ, ತಮ್ಮನ್ನು ಎಲ್ಲಿ ಹೂಳಿದರೂ ಚಿಂತೆಯಿಲ್ಲ, ಬಲಿಪೀಠದ ಬಳಿ ನೆನೆದರೆ ಸಾಕೆಂದು ಮಕ್ಕಳಲ್ಲಿ ಕೇಳಿಕೊಂಡರು. ಇದನ್ನು ಬರೆದಿಟ್ಟವರು ಮಗ ಸಂತ ಅಗಸ್ಟೀನ್.

★ ಮಕ್ಕಬಿಯರ ಎರಡನೇ ಗ್ರಂಥದ 12ನೇ ಅಧ್ಯಾಯದಲ್ಲಿ ಯೂದ ಮಕ್ಕಬಿಯನು ಯುದ್ಧದಲ್ಲಿ ಮಡಿದವರ ಪಾಪಪರಿಹಾರಕ್ಕೆ 2,000 ಬೆಳ್ಳಿ ದ್ರಾಕ್ಮ ಕೂಡಿಸಿ ಜೆರುಸಲೇಮಿಗೆ ಕಳುಹಿಸುತ್ತಾನೆ. ಮೃತರಿಗಾಗಿ ಪ್ರಾರ್ಥಿಸಲು ಕಥೋಲಿಕರಿಗೆ ಇದು ಆಧಾರ. ಪ್ರಾಟೆಸ್ಟೆಂಟರ ಬೈಬಲಿನ ಪಟ್ಟಿಯಲ್ಲಿ ಈ ಗ್ರಂಥವಿಲ್ಲ. ಅವರಲ್ಲಿ ಸಾಮಾನ್ಯವಾಗಿ, ಅಗಲಿದವರ ಬಾಳಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವುದೂ ಮನೆಯವರಿಗೆ ಸಾಂತ್ವನ ಕೋರುವುದೂ ಮುಖ್ಯ.

★ ನವೆಂಬರ್ 2ರಂದು ಪ್ರತಿ ಕಥೋಲಿಕ ಪಾದ್ರಿಯೂ ಮೂರು ಬಲಿಪೂಜೆ (ಮಾಸ್) ಅರ್ಪಿಸಬಹುದು. ಸ್ಪೇನ್, ಪೋರ್ಚುಗಲ್ ಮುಂತಾದ ಕೆಲವೆಡೆ ಮಾತ್ರ ಇದ್ದ ಈ ಅವಕಾಶವನ್ನು 1915ರಲ್ಲಿ ಜಗತ್ತಿಗೆಲ್ಲ ಕೊಟ್ಟವರು ಪೋಪ್ 15ನೇ ಬೆನೆಡಿಕ್ಟ್. ಮೊದಲ ಮಹಾಯುದ್ಧದ ಸಾವುಗಳು ಅವರನ್ನು ಕಲಕಿದ್ದವು.

★ ಕೊಯಮತ್ತೂರಿನ ರಾಮನಾಥಪುರದಲ್ಲಿ 2010ರಿಂದ, ಕಥೋಲಿಕರದೇ ಪೂರ್ವ ಸಂಪ್ರದಾಯದ ಶಾಖೆಯಾದ ಸಿರೋ-ಮಲಬಾರ್ ಸಭೆಯ ಧರ್ಮಪ್ರಾಂತ್ಯವಿದೆ. ಈ ಸಭೆಯ ಪಂಚಾಂಗವೇ ಬೇರೆ: ಮೃತ ವಿಶ್ವಾಸಿಗಳ ಸ್ಮರಣೆಗೆ ದನಹಾ (ಪ್ರಭು ಪ್ರಕಟಣೆಯ) ಕಾಲದ ಕೊನೆಯ ಶುಕ್ರವಾರ ಮೀಸಲು.

★ 1846ರಲ್ಲಿ ಕೊಯಮತ್ತೂರು ಸೀಮೆಯ ಕರುಮತ್ತಂಪಟ್ಟಿಯಲ್ಲಿ ಬಿಷಪ್ ದೀಕ್ಷೆ ಪಡೆದ ಮೆಲ್ಕಿಯೋರ್ ಡಿ ಮಾರಿಯೋನ್ ಬ್ರೆಸಿಯಾಕ್ 1859ರಲ್ಲಿ ಆಫ್ರಿಕಾದ ಫ್ರೀಟೌನಿನಲ್ಲಿ ಕಾಯಿಲೆಗೆ ಬಲಿಯಾದರು. 2020ರಲ್ಲಿ ಸಭೆ ಅವರಿಗೆ ‘ಪೂಜ್ಯ’ ಪದವಿ ನೀಡಿತು. ಹೀಗೆ ಗೌರವ ಪಡೆದವರಿಗಾಗಿ ಪ್ರಾರ್ಥಿಸುವುದಕ್ಕಿಂತ, ನಮಗಾಗಿ ದೇವರಲ್ಲಿ ಬೇಡಿರೆಂದು ಭಕ್ತರು ಅವರನ್ನೇ ಕೇಳಿಕೊಳ್ಳುವುದುಂಟು.

★ ನವೆಂಬರ್ 1ರಿಂದ 8ರವರೆಗೆ ಸ್ಮಶಾನಕ್ಕೆ ಹೋಗಿ ಮೃತರಿಗಾಗಿ ಪ್ರಾರ್ಥಿಸಿ, ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿದರೆ ಶುದ್ಧೀಕರಣ ಸ್ಥಳದಲ್ಲಿರುವ ಆತ್ಮಗಳಿಗೆ ಅದರ ಫಲ ಸಲ್ಲುತ್ತದೆಂಬುದು ಕಥೋಲಿಕರ ನಂಬಿಕೆ. ಕೊರೊನಾ ಕಾಡಿದ 2020ರಲ್ಲಿ ವ್ಯಾಟಿಕನ್ ಈ ಅವಧಿಯನ್ನು ಇಡೀ ತಿಂಗಳಿಗೆ ವಿಸ್ತರಿಸಿತ್ತು.

★ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ದೂರದೂರುಗಳಿಂದ ದುಡಿಯಲು ಬಂದವರಿಗೆ ಹೆತ್ತವರ ಗೋರಿ ಕೈಗೆಟುಕದು. ಆದರೇನು, ಇದ್ದ ಊರಿನ ಚರ್ಚಿನಲ್ಲೇ ಹೆತ್ತವರ ಹೆಸರಿನಲ್ಲಿ ಪೂಜೆ ಮಾಡಿಸಬಹುದು. ಕಾಣಿಕೆ ಕೊಡಲಾಗದ ಬಡವರ ಕೋರಿಕೆಗೂ ಪೂಜೆ ಅರ್ಪಿಸುವಂತೆ ಸಭೆಯ ಕಾನೂನಿನ 945ನೇ ವಿಧಿ ಪಾದ್ರಿಗಳಿಗೆ ಬಲವಾಗಿ ಶಿಫಾರಸು ಮಾಡುತ್ತದೆ.

★ ಹಿಂದೆ ಮುಂದೆ ಯಾರೂ ಇಲ್ಲದೆ ಸತ್ತವರ ಗತಿಯೇನು? ಕಥೋಲಿಕರ ಪ್ರತಿ ಬಲಿಪೂಜೆಯಲ್ಲೂ ಅಗಲಿದವರೆಲ್ಲರಿಗಾಗಿ ಒಂದು ಬೇಡಿಕೆ ಇದ್ದೇ ಇರುತ್ತದೆ. ಹೆಸರು ಬರೆಸುವವರಿಲ್ಲದ ಅನಾಥನ ಪಾಲೂ ಅದರಲ್ಲಿದೆ.