ಚಿತ್ರ ಯಾರದಾದರೇನು, ದನಿ ನಮ್ಮದಿರಲಿ

ಮನೆಯ ಟಿ.ವಿ.ಯಲ್ಲಿ ಏನು ಬರಬೇಕು, ಯಾವ ಭಾಷೆಯಲ್ಲಿ ಬರಬೇಕು ಎಂಬುದನ್ನು ನಿರ್ಧರಿಸಬೇಕಾದವರು ಯಾರು? ಈ ಪ್ರಶ್ನೆಗೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಅರ್ಧ ಶತಮಾನದ ಇತಿಹಾಸವಿದೆ.

1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಇಸ್ರೋ ಮತ್ತು ನಾಸಾ ಜಂಟಿಯಾಗಿ 'ಸೈಟ್' ಎಂಬ ಉಪಗ್ರಹ ಟಿ.ವಿ. ಪ್ರಯೋಗ ನಡೆಸಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸಮುದಾಯ ಟಿ.ವಿ.ಗಳನ್ನು ಇರಿಸಲಾಯಿತು. ಕರ್ನಾಟಕದಿಂದ ಆಯ್ಕೆಯಾದದ್ದು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು. ಈ ಮೂರೂ ತಾಲ್ಲೂಕುಗಳು ಆಗ ಗುಲ್ಬರ್ಗಾಕ್ಕೆ ಸೇರಿದ್ದವು. ಕೃಷಿ, ಆರೋಗ್ಯದ ಪಾಠಗಳನ್ನು ಊರೇ ಕೂಡಿ ನೋಡಬೇಕಿತ್ತು. ಬೇರೆ ಆಯ್ಕೆ ಇರಲಿಲ್ಲ. ಆದರೂ ಆ ಉಪಗ್ರಹದಲ್ಲೊಂದು ವಿವೇಕವಿತ್ತು: ಒಂದೇ ಚಿತ್ರದೊಡನೆ ಎರಡು ಧ್ವನಿಗಳನ್ನು ಕಳುಹಿಸುವ ವ್ಯವಸ್ಥೆ. ನೋಟ ಒಂದೇ ಆದರೂ ಕೇಳುವ ಭಾಷೆ ಬೇರೆಯಾಗಬಹುದಿತ್ತು.

ಮುಂದೆ ವಾಹಿನಿಗಳು ನೂರಾರಾದವು. ಆ ವಿವೇಕ ಮಾತ್ರ ಕನ್ನಡಕ್ಕೆ ದಕ್ಕಲಿಲ್ಲ. ಇದಕ್ಕೆ ತಂತ್ರಜ್ಞಾನ ಕಾರಣವಲ್ಲ. ಡಬ್ಬಿಂಗ್ ವಿರುದ್ಧ ಚಿತ್ರರಂಗ ದಶಕಗಳ ಕಾಲ ಹೇರಿದ್ದ ಅನಧಿಕೃತ ನಿಷೇಧವೇ ಕಾರಣ. ಸ್ಥಳೀಯ ಕಲಾವಿದರ ಅನ್ನದ ಚಿಂತೆ ಅದರ ಹಿಂದಿತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದರ ಬೆಲೆ ತೆತ್ತವನು, ಅನ್ಯಭಾಷೆಯಲ್ಲೇ ನೋಡಬೇಕಾಗಿ ಬಂದ ಕನ್ನಡ ಪ್ರೇಕ್ಷಕ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯನ್ನು ಕಾನೂನುಬಾಹಿರವೆಂದ ಬಳಿಕವಷ್ಟೇ ದಾರಿ ತೆರೆಯಿತು.

ವಾಹಿನಿಗಳ ಆಯ್ಕೆಯ ಕಥೆಯೂ ಅಷ್ಟೇ. ಬೇಕಾದ ವಾಹಿನಿಗೆ ಮಾತ್ರ ಹಣ ಕೊಡುವ ಹಕ್ಕನ್ನು ಟ್ರಾಯ್ 2019ರ ಫೆಬ್ರುವರಿಯಿಂದ ಗ್ರಾಹಕರಿಗೆ ನೀಡಿತು. ಪ್ರಸಾರಕರು ಮಾಡಿದ್ದೇನು? ಬಿಡಿ ವಾಹಿನಿಗಳ ದರ ಏರಿಸಿ, ಗೊಂಚಲಿಗೆ ಭಾರಿ ರಿಯಾಯಿತಿ ಕೊಟ್ಟರು. ಎರಡು ವಾಹಿನಿ ಬೇಕೆಂದವನು ಹತ್ತನ್ನು ಕೊಳ್ಳುವುದೇ ಅಗ್ಗವೆನಿಸಿತು. ಹಕ್ಕು ಕಾಗದದಲ್ಲಿ ಉಳಿಯಿತು. ಗೊಂಚಲು ಮನೆಗೆ ಬಂತು.

ಇದು ಕೇವಲ ಮನರಂಜನೆಯ ಪ್ರಶ್ನೆಯಲ್ಲ. ನಾರಾಯಣಪುರ ಕಾಲುವೆಯ ನೀರು ನಂಬಿದ ಶಹಾಪುರ, ಸುರಪುರದ ರೈತ, ಹತ್ತಿಯ ಕೀಟಬಾಧೆಯ ಕುರಿತ ಚಿತ್ರವನ್ನು ಎಲ್ಲಿಯದಾದರೂ ನೋಡಬಲ್ಲ. ವಿವರಣೆ ಮಾತ್ರ ಅವನಿಗೆ ಕನ್ನಡದಲ್ಲಿ ಬೇಕು. ತೆಲಂಗಾಣದ ಗಡಿಗೆ ತಾಗಿದ ಈ ಜಿಲ್ಲೆಯಲ್ಲಿ ಒಂದು ಮನೆಗೆ ಕನ್ನಡ, ಪಕ್ಕದ ಮನೆಗೆ ಉರ್ದು, ಅದರಾಚೆಯದಕ್ಕೆ ತೆಲುಗು ಬೇಕಾದೀತು. ಚಿತ್ರ, ಧ್ವನಿ, ಅಡಿಬರಹಗಳನ್ನು ನೋಡುಗನೇ ತನಗೆ ಬೇಕಾದಂತೆ ಜೋಡಿಸಿಕೊಳ್ಳುವುದು ಇಂದಿನ ಅಂತರ್ಜಾಲದಲ್ಲಿ ಸರಳ ಸಂಗತಿ.

ಆದ್ದರಿಂದ ಸಾರ್ವಜನಿಕ ಹಣದಲ್ಲಿ ತಯಾರಾಗುವ ಕೃಷಿ, ಶಿಕ್ಷಣ, ಆರೋಗ್ಯದ ಕಾರ್ಯಕ್ರಮಗಳಿಗಾದರೂ ಕನ್ನಡ ಧ್ವನಿ ಕಡ್ಡಾಯವಾಗಲಿ. ಸರ್ಕಾರವೇ ಇದನ್ನು ಮಾಡದೆ ಖಾಸಗಿಯವರಿಗೆ ಬುದ್ಧಿ ಹೇಳುವುದರಲ್ಲಿ ಅರ್ಥವಿಲ್ಲ. 1975ರಲ್ಲೇ ಸಾಧ್ಯವಾಗಿದ್ದನ್ನು ಇಂದು ಅಸಾಧ್ಯವೆನ್ನಲು ಯಾವ ನೆಪವೂ ಉಳಿದಿಲ್ಲ.